ಎಂಟು ಭಾನುವಾರಗಳ ಲೆಕ್ಕ: ‘ಸ್ವ-ಪ್ರೀತಿ’ ಶಿಬಿರವೊಂದರ ವಿಮರ್ಶೆ

ಸೌತ್ ಎಂಡ್ ಸರ್ಕಲ್ ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ, ಎಂಟು ಭಾನುವಾರ ಬೆಳಿಗ್ಗೆ 10ರಿಂದ 12:30ರವರೆಗೆ ನಡೆದ ಶಿಬಿರಕ್ಕೆ ನಾನು ಒಂದು ವಾರವೂ ತಪ್ಪಿಸದೆ ಹೋಗಿ ಬಂದೆ. ಕರಪತ್ರದಲ್ಲಿ ಅಚ್ಚಾಗಿದ್ದಂತೆ ಅದರ ವಿಷಯ ‘ಸ್ವ-ಪ್ರೀತಿ: ಆರೋಗ್ಯಕರ ಸಂಬಂಧಗಳ ಅಡಿಪಾಯ’. ಶುಲ್ಕ 9,600 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ, ಒಟ್ಟು 11,328 ರೂಪಾಯಿ. ನಡೆಸಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥದೇ ಶಿಬಿರಗಳು ಈಗ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ನಡೆಯುತ್ತಿವೆ. ಸೇರಬೇಕೆಂದಿರುವವರಿಗೆ ಬೇಕಾದದ್ದು ಹೆಸರಿಗಿಂತ, ಒಳಗೆ ಏನು ಕಲಿಸುತ್ತಾರೆ ಮತ್ತು ಕೊಟ್ಟ ಹಣಕ್ಕೆ ಅದು ಸಮವೇ ಎಂಬ ವಿವರ.

ನಾನು ಇಂಥ ಕಡೆ ಹೋಗುವವನಲ್ಲ. ವಿಜಯನಗರದಲ್ಲಿ ಮನೆ, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ, ಮದುವೆಯಾಗಿ ಹತ್ತೊಂಬತ್ತು ವರ್ಷ, ಪಿಯುಸಿ ಓದುವ ಮಗ. ಕುಡಿತವಿಲ್ಲ, ಸಾಲವಿಲ್ಲ, ಬಂಧುಬಳಗದಲ್ಲಿ ‘ಒಳ್ಳೆಯ ಸಂಸಾರ’ ಎಂಬ ಹೆಸರೂ ಇದೆ. ಆದರೆ ಮನೆಯಲ್ಲಿ ನಾನು ಬಾಯಿ ತೆರೆದರೆ ಉಳಿದಿಬ್ಬರೂ ಸುಮ್ಮನಾಗುತ್ತಾರೆ ಎಂಬುದನ್ನು ಗಮನಿಸಲು ನನಗೆ ಬಹಳ ವರ್ಷ ಹಿಡಿಯಿತು. ಒಂದು ರಾತ್ರಿ ಊಟದ ತಟ್ಟೆ ಎತ್ತುತ್ತ ಹೆಂಡತಿ ಹೇಳಿದಳು: “ನಿಮಗೆ ನನ್ನ ಮೇಲೆ ಕೋಪ ಇಲ್ಲ ರೀ. ನಿಮ್ಮ ಮೇಲೆ ನಿಮಗೇ ಕೋಪ. ದಾರಿಯಲ್ಲಿ ನಾನು ಸಿಗ್ತೀನಿ, ಅಷ್ಟೆ.” ಮರುದಿನ ಈ ಕರಪತ್ರವನ್ನು ನನ್ನ ಫೋನಿಗೆ ಕಳಿಸಿದವಳೂ ಅವಳೇ.

ಮೊದಲ ಎರಡು ವಾರಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಇರುವುದೂ ಒಳ್ಳೆಯದಲ್ಲ. ಹದಿನಾರು ಜನರ ತಂಡವೆಂದು ಹೇಳಿ ಇಪ್ಪತ್ತೇಳು ಜನರನ್ನು ಸೇರಿಸಿಕೊಂಡಿದ್ದರು. ತಡವಾಗಿ ಬಂದವರು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿಗೆ ಒರಗಿ ಕುಳಿತರು. ‘ನನ್ನೊಡನೆ ನಾನು’ ಎಂಬ ಡೈರಿ, ಒಂದು ಸುವಾಸನೆಯ ಮೇಣದಬತ್ತಿ ಮತ್ತು ಸಣ್ಣ ಕನ್ನಡಿ ಇದ್ದ ಪೆಟ್ಟಿಗೆಯೊಂದನ್ನು 1,200 ರೂಪಾಯಿಗೆ ಕೊಳ್ಳಬೇಕಿತ್ತು; ಇದರ ಸುದ್ದಿ ಕರಪತ್ರದಲ್ಲಿ ಇರಲಿಲ್ಲ. ಕನ್ನಡಿ ನೋಡಿಕೊಂಡು “ನಾನು ನಿನ್ನನ್ನು ಪ್ರೀತಿಸುತ್ತೇನೆ” ಎಂದು ಹತ್ತು ಬಾರಿ ಹೇಳಿಕೊಳ್ಳುವ ಅಭ್ಯಾಸ ನಡೆದಾಗ, ನನ್ನ ಪಕ್ಕದಲ್ಲಿದ್ದ ಆಟೊಮೊಬೈಲ್ ಅಂಗಡಿಯ ಮಾಲೀಕರು ಮೂರನೆಯ ಬಾರಿಗೇ ಕನ್ನಡಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನನಗೂ ಅದು ಯಾರದೋ ಮನೆಯ ದೇವರಿಗೆ ಕೈಮುಗಿದಂತಿತ್ತು. ವಾರಕ್ಕೊಮ್ಮೆ ಒಬ್ಬರೇ ಹೋಗಿ ಒಳ್ಳೆಯ ಕಾಫಿ ಕುಡಿಯಿರಿ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಿ ಎಂಬ ಮನೆಗೆಲಸವನ್ನೂ ಕೊಟ್ಟರು. ಕಾಫಿಯೇನೋ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಶಿಬಿರ ಬೇಕಿರಲಿಲ್ಲ.

ತೊಡಕಿನ ಬೇರು ಆ ಪದದಲ್ಲೇ ಇತ್ತೆಂದು ಈಗ ಅನಿಸುತ್ತದೆ. ಕನ್ನಡದ ಕಿವಿಗೆ ‘ಸ್ವ’ ಎಂಬುದು ಸ್ವಾರ್ಥ, ಸ್ವಪ್ರತಿಷ್ಠೆಗಳ ಬೀದಿಯಿಂದ ಬಂದ ನೆಂಟ; ‘ಸ್ವ-ಪ್ರೀತಿ’ ಎಂದೊಡನೆ ನಮ್ಮಲ್ಲಿ ಅರ್ಧ ಜನ ಅಪರಾಧ ಒಪ್ಪಿಕೊಳ್ಳುವವರಂತೆ ತಲೆ ತಗ್ಗಿಸಿದರು. ಎರಡನೆಯ ವಾರದ ಕೊನೆಗೆ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ನಮ್ಮ ತಂಡದ ಹಿರಿಯರೊಬ್ಬರು, ನಾವೆಲ್ಲ ‘ಟೀಚರ್’ ಎಂದು ಕರೆಯುತ್ತಿದ್ದವರು, ಎದ್ದು ನಿಂತು ಕೇಳಿದರು: “ಇದಕ್ಕೆ ಸಂತೈಸಿಕೊಳ್ಳೋದು ಅಂತ ಯಾಕೆ ಹೇಳಬಾರದು? ಹನ್ನೆರಡನೆಯ ಶತಮಾನದ ವಚನದಲ್ಲೇ ತನುವನ್ನೂ ಮನವನ್ನೂ ಸಂತೈಸಿಕೊಳ್ಳಿ ಅಂತ ಇದೆಯಲ್ಲ.” ಅಳುವ ಮಗುವನ್ನು ಸಂತೈಸುತ್ತೇವೆ, ಸಾವಿನ ಮನೆಗೆ ಹೋಗಿ ಸಂತೈಸುತ್ತೇವೆ, ಆ ಕ್ರಿಯೆಯಲ್ಲಿ ಹೊಗಳಿಕೆಯಿಲ್ಲ, ಮುದ್ದು ಮಾಡಿ ಕೆಡಿಸುವುದೂ ಇಲ್ಲ, ನೋವಾಗಿದೆ ಎಂದು ಒಪ್ಪಿ ಪಕ್ಕದಲ್ಲಿ ಕೂರುವುದಿದೆ. ಮುಂದಿನ ಆರು ವಾರ ನಮ್ಮ ತಂಡ ಆ ಮಾತನ್ನೇ ಬಳಸಿತು.

ಮೂರನೆಯ ವಾರದಿಂದ ತರಬೇತುದಾರರು ಬದಲಾದರು. ಮನಃಶಾಸ್ತ್ರ ಓದಿದ, ಮೆತ್ತಗೆ ಮಾತನಾಡುವ ಈ ಹೆಣ್ಣುಮಗಳು ಬಂದ ಮೇಲೆ ನನ್ನ ಹಣಕ್ಕೆ ಅರ್ಥ ಬರತೊಡಗಿತು. ಆತ್ಮಗೌರವ ಮತ್ತು ಆತ್ಮಕರುಣೆ ಒಂದೇ ಅಲ್ಲವೆಂಬುದನ್ನು ಅವರು ಮೊದಲ ಅರ್ಧ ಗಂಟೆಯಲ್ಲೇ ಬಿಡಿಸಿದರು. ಆತ್ಮಗೌರವ ಬಹುಮಟ್ಟಿಗೆ ಗೆಲುವಿನ, ಹೋಲಿಕೆಯ ಮೇಲೆ ನಿಂತಿರುತ್ತದೆ, ಸೋತ ದಿನ ಕೈಕೊಡುತ್ತದೆ. ಆತ್ಮಕರುಣೆ ಸೋತ ದಿನಕ್ಕೆಂದೇ ಇರುವಂಥದ್ದು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅವರ ವಿವರಣೆಯಲ್ಲಿ ಇದಕ್ಕೆ ಮೂರು ಅಂಗ: ಎಡವಿದಾಗ ತನ್ನೊಡನೆ ಮೃದುವಾಗಿ ನಡೆದುಕೊಳ್ಳುವುದು, ಎಡವುವುದು ಎಲ್ಲ ಮನುಷ್ಯರ ಪಾಡು ಎಂದು ಅರಿಯುವುದು, ಮತ್ತು ನೋವನ್ನು ಹಿಗ್ಗಿಸದೆ, ಮುಚ್ಚಿಡದೆ, ಇದ್ದಷ್ಟಕ್ಕೆ ನೋಡುವುದು. ಮನೋವಿಜ್ಞಾನಿ ಕ್ರಿಸ್ಟೋಫರ್ ಗರ್ಮರ್ ಜೊತೆ ಸೇರಿ ನೆಫ್ ರೂಪಿಸಿದ ಎಂಟು ವಾರಗಳ ಪಠ್ಯಕ್ರಮವಿದೆ. ನಮ್ಮ ಶಿಬಿರದ ಎಂಟು ವಾರಗಳೂ ಆ ಅಚ್ಚಿನಲ್ಲೇ ಎರಕಗೊಂಡವು ಎಂದು ನನಗೆ ಕಾಣುತ್ತದೆ, ಕರಪತ್ರ ಮಾತ್ರ ಅದನ್ನು ‘ನಮ್ಮದೇ ವಿಶಿಷ್ಟ ವಿಧಾನ’ ಎಂದು ಕರೆದಿತ್ತು.

ಇಡೀ ಶಿಬಿರದಲ್ಲಿ ನಾನು ಮತ್ತೆ ಹಣ ಕೊಟ್ಟಾದರೂ ಕಲಿಯುವೆನೆನ್ನಬಹುದಾದ ಅಭ್ಯಾಸ ಒಂದೇ, ಅದು ಆ ಮೂರನೆಯ ವಾರದ ಮನೆಗೆಲಸ. ತಪ್ಪು ಮಾಡಿದಾಗ ನಮಗೆ ನಾವೇ ಹೇಳಿಕೊಳ್ಳುವ ಮಾತನ್ನು, ತಿದ್ದದೆ, ಸಭ್ಯಗೊಳಿಸದೆ, ಬಾಯಿಗೆ ಬಂದ ಭಾಷೆಯಲ್ಲೇ ಏಳು ದಿನ ಬರೆದಿಡಬೇಕು. ಬರೆದಿಡುವುದು ನನ್ನ ವೃತ್ತಿ. ಅಂಗಿಯ ಜೇಬಿನಲ್ಲಿ ಚಿಕ್ಕ ಪುಸ್ತಕವನ್ನಿಟ್ಟುಕೊಂಡೆ. ಮಂಗಳವಾರ ಬೆಳಿಗ್ಗೆ ಹಾಲನ್ನು ಒಲೆಯ ಮೇಲಿಟ್ಟು ಫೋನ್ ನೋಡುತ್ತ ನಿಂತವನಿಗೆ ಸುಟ್ಟ ವಾಸನೆ ಬಂದಾಗಲೇ ಎಚ್ಚರವಾದದ್ದು. ಹಾಲು ಉಕ್ಕಿ ಬರ್ನರ್ ಆರಿತ್ತು, ಕಟ್ಟೆಯ ಅಂಚಿನಿಂದ ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು. ಒರೆಸುವ ಬಟ್ಟೆ ಹುಡುಕುತ್ತ ನಾನು ನನಗೆ ಹೇಳಿಕೊಂಡದ್ದು: “ಲೇ ದಡ್ಡ, ಒಂದು ಹಾಲು ಕಾಯಿಸೋ ಯೋಗ್ಯತೆ ಇಲ್ಲವಲ್ಲೋ ನಿನಗೆ.” ಬರೆದುಕೊಂಡೆ. ಶುಕ್ರವಾರದ ಹೊತ್ತಿಗೆ ಅಂಥವು ಹದಿನಾಲ್ಕಾಗಿದ್ದವು. ಅವುಗಳಲ್ಲಿ ಒಂಬತ್ತರಲ್ಲಿ ‘ಯೋಗ್ಯತೆ’ ಎಂಬ ಪದವಿತ್ತು. ನನ್ನ ಅಂಕಪಟ್ಟಿಗೆ ಸಹಿ ಹಾಕುವಾಗ ತಂದೆಯವರು ಬಳಸುತ್ತಿದ್ದ ಪದ ಅದು.

ಶನಿವಾರ ಸಂಜೆ ಹೆಂಡತಿ ಗ್ಯಾಸ್ ಬುಕ್ ಮಾಡಲು ಮರೆತಿದ್ದಳು. ಬದಲಿ ಸಿಲಿಂಡರ್ ಖಾಲಿಯಾಗಿತ್ತು. “ಒಂದು ಗ್ಯಾಸ್ ಬುಕ್ ಮಾಡೋ ಯೋಗ್ಯತೆ ಇಲ್ಲವಲ್ಲೇ ನಿನಗೆ” ಎಂದೆ. ಹೇಳಿ ಮುಗಿಸಿದ ಮೇಲೆ, ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿದೆ. ಪುಸ್ತಕದಲ್ಲಿ ಮಂಗಳವಾರದ ಸಾಲು ಇತ್ತು. ‘ಲೇ ದಡ್ಡ’ ಬಿಟ್ಟುಹೋಗಿತ್ತು, ಹಾಲು ಕಾಯಿಸುವ ಜಾಗಕ್ಕೆ ಗ್ಯಾಸ್ ಬುಕ್ ಮಾಡುವುದು ಬಂದಿತ್ತು, ‘ಲ್ಲೋ’ ಇದ್ದ ಕಡೆ ‘ಲ್ಲೇ’ ಬಂದಿತ್ತು, ಉಳಿದದ್ದೆಲ್ಲ ಅಕ್ಷರಶಃ ಅದೇ. ನಮ್ಮ ಕಚೇರಿಯಲ್ಲಿ ಒಂದೇ ವೋಚರನ್ನು ಎರಡು ಖಾತೆಗೆ ಬರೆದರೆ ಲೆಕ್ಕ ಪರಿಶೋಧಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ. ನಾನು ಹತ್ತೊಂಬತ್ತು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೆ. ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಅಡುಗೆಮನೆಯ ದೀಪದ ಕೆಳಗೆ ನಿಂತು ಹದಿನಾಲ್ಕನ್ನೂ ಓದಿ, “ಇಷ್ಟೊಂದು ಬೈಕೋತೀರಾ?” ಎಂದು ಕೇಳಿದಳು. ಅವಳ ದನಿಯಲ್ಲಿ ನನ್ನ ಮೇಲಿನ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಆ ರಾತ್ರಿ ಹೊರಗಿನಿಂದ ಇಡ್ಲಿ ತಂದು ತಿಂದೆವು.

ನಾಲ್ಕನೆಯ ವಾರ ಪತ್ರ ಬರೆಯುವುದಿತ್ತು: ಇದೇ ತಪ್ಪನ್ನು ಆಪ್ತ ಗೆಳೆಯ ಮಾಡಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೆ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಇದು ಸಲೀಸು, ಅಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಪೆನ್ನು ಎತ್ತಿದೊಡನೆ, ನನ್ನನ್ನು ನಾನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬ ಪ್ರಶ್ನೆ ಎದುರಾಯಿತು. ಬೈದುಕೊಳ್ಳುವಾಗ ಸಲೀಸಾಗಿ ಬರುತ್ತಿದ್ದ ‘ನೀನು’ ಸಮಾಧಾನ ಹೇಳುವಾಗ ಬರಲಿಲ್ಲ. ಆಟೊಮೊಬೈಲ್ ಅಂಗಡಿಯವರು ‘ಗುರುವೇ’ ಎಂದು ಶುರು ಮಾಡಿದರು. ಟೀಚರ್ ತಮ್ಮನ್ನು ತಾವು ‘ಮಗಾ’ ಎಂದು ಕರೆದುಕೊಂಡು ಎರಡು ಪುಟ ಬರೆದು, ಓದುವಾಗ ಅರ್ಧಕ್ಕೆ ನಿಲ್ಲಿಸಿದರು. ನಾನು ಕೊನೆಗೆ ಬರೆದದ್ದು ಒಂದೇ ಸಾಲು, “ಹೋಗ್ಲಿ ಬಿಡಪ್ಪಾ, ಎಲ್ಲರ ಮನೇಲೂ ಹಾಲು ಉಕ್ಕತ್ತೆ.” ಹಂಚಿದ ಕನ್ನಡದ ಹಾಳೆಯಲ್ಲಿ ಮಾದರಿ ಪತ್ರ ‘ನನ್ನ ಪ್ರಿಯ ನನಗೆ’ ಎಂದು ಆರಂಭವಾಗುತ್ತಿತ್ತು, ಯಂತ್ರಾನುವಾದದ ವಾಸನೆ ಅಲ್ಲಿಂದ ಕೊನೆಯ ಸಾಲಿನವರೆಗೂ ಹಬ್ಬಿತ್ತು. ಕನ್ನಡ ತಂಡವೆಂದು ಹೇಳಿ ಪ್ರತ್ಯೇಕವಾಗಿ ಶುಲ್ಕ ಪಡೆದವರಿಗೆ ಇದು ಭೂಷಣವಲ್ಲ.

‘ಹೋಗ್ಲಿ ಬಿಡು’ ಎಂಬ ಮಾತಿನ ಮೇಲೆ ಐದನೆಯ ವಾರ ಒಳ್ಳೆಯ ಚರ್ಚೆಯೇ ಆಯಿತು. ತಪ್ಪಿಗೆಲ್ಲ ಹೋಗ್ಲಿ ಬಿಡು ಎಂದುಕೊಂಡರೆ ಮನುಷ್ಯ ಸೋಮಾರಿಯಾಗುವುದಿಲ್ಲವೇ ಎಂದು ನಾನೇ ಕೇಳಿದೆ. ತರಬೇತುದಾರರು 2012ರಲ್ಲಿ ಪ್ರಕಟವಾದ, ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಅವರ ಪ್ರಯೋಗವೊಂದನ್ನು ವಿವರಿಸಿದರು: ಕಠಿಣ ಪದಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗಳಲ್ಲಿ, ತಮ್ಮ ಬಗ್ಗೆ ಕರುಣೆಯಿಂದ ಯೋಚಿಸುವಂತೆ ಸೂಚನೆ ಪಡೆದವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. 2013ರಲ್ಲಿ ನೆಫ್ ಮತ್ತು ಬೆರೆಟ್ವಸ್ ನೂರಕ್ಕೂ ಹೆಚ್ಚು ಜೋಡಿಗಳನ್ನು ಅಧ್ಯಯನ ಮಾಡಿದಾಗ, ಆತ್ಮಕರುಣೆ ಇದ್ದವರನ್ನು ಅವರ ಸಂಗಾತಿಗಳೇ ಹೆಚ್ಚು ಆತ್ಮೀಯರು, ಹೆಚ್ಚು ಸ್ವಾತಂತ್ರ್ಯ ಕೊಡುವವರು, ಕಡಿಮೆ ಹತೋಟಿ ಚಲಾಯಿಸುವವರು ಎಂದು ಬಣ್ಣಿಸಿದ್ದರು. ಕಲಿಸುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಇವರು ನಿಲ್ಲಿಸಲಿಲ್ಲ, ಅದಕ್ಕಾಗಿ ನನಗೆ ಅವರ ಮೇಲೆ ಗೌರವ. ಬೇಕರ್ ಮತ್ತು ಮೆಕ್‌ನಲ್ಟಿ 2011ರಲ್ಲಿ ಕಂಡುಕೊಂಡದ್ದು ಅಷ್ಟು ಸಿಹಿಯಲ್ಲ: ಹೆಂಗಸರಲ್ಲಿ ಮತ್ತು ಹೊಣೆಗಾರಿಕೆಯ ಸ್ವಭಾವವಿರುವ ಗಂಡಸರಲ್ಲಿ ಆತ್ಮಕರುಣೆ ಸಂಬಂಧದ ತಪ್ಪುಗಳನ್ನು ತಿದ್ದಿಕೊಳ್ಳುವ ಮನಸ್ಸನ್ನು ಬೆಳೆಸಿದರೆ, ಹೊಣೆಗಾರಿಕೆ ಕಡಿಮೆಯಿರುವ ಗಂಡಸರಲ್ಲಿ ಆ ಮನಸ್ಸು ತಗ್ಗಿತ್ತು.

ಅಂದರೆ ಹೋಗ್ಲಿ ಬಿಡು ಎಂಬ ಮಾತಿಗೆ ಎರಡು ಸ್ಥಾನಗಳಿವೆ. ಉಕ್ಕಿದ ಹಾಲನ್ನು ಒರೆಸಿದ ಮೇಲೆ ಹೇಳಿಕೊಂಡರೆ ಒಂದು, ಒರೆಸುವ ಬದಲು ಹೇಳಿಕೊಂಡರೆ ಇನ್ನೊಂದು. ಮನೆಗೆ ಬಂದು ಈ ಸಂಶೋಧನೆಯನ್ನು ಹೆಂಡತಿಗೆ ಹೇಳಿದಾಗ ಅವಳು, “ಇದನ್ನ ಕಂಡುಹಿಡಿಯೋಕೆ ಅಮೆರಿಕದವರು ಬೇಕಿತ್ತಾ?” ಎಂದು ನಕ್ಕಳು.

ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದ ‘ತನ್ನನ್ನು ಪ್ರೀತಿಸದವರು ಇತರರನ್ನು ಪ್ರೀತಿಸಲಾರರು’ ಎಂಬ ವಾಕ್ಯವನ್ನು ಮಾತ್ರ ನಾನು ಕೊನೆಯವರೆಗೂ ಒಪ್ಪಲಿಲ್ಲ. ನನ್ನ ತಾಯಿ ತಮ್ಮನ್ನು ತಾವು ಜೀವನಪೂರ್ತಿ ಹಳಿದುಕೊಂಡರು, ಮಿಕ್ಕಿದ್ದನ್ನೇ ಉಂಡರು, ನಮ್ಮ ನಾಲ್ವರನ್ನು ಮಾತ್ರ ಒಂದು ದಿನವೂ ಹಳಿಯಲಿಲ್ಲ. ಮನಃಶಾಸ್ತ್ರವೂ ಆ ಗೋಡೆಯ ಮಾತನ್ನು ಪೂರ್ತಿ ಬೆಂಬಲಿಸುವುದಿಲ್ಲ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಮೇರಿ ಏನ್ಸ್‌ವರ್ತ್ ಕಟ್ಟಿದ ಬಾಂಧವ್ಯ ಸಿದ್ಧಾಂತ, ಮಗು ತನ್ನ ಬಗ್ಗೆ ನಂಬಿಕೆ ಕಲಿಯುವುದೇ ಅದನ್ನು ಎತ್ತಿ ಆಡಿಸಿದವರ ಕೈಯಿಂದ ಎನ್ನುತ್ತದೆ. 1987ರಲ್ಲಿ ಹಜಾನ್ ಮತ್ತು ಶೇವರ್ ಇದನ್ನು ವಯಸ್ಕರ ಪ್ರೇಮಕ್ಕೂ ಅನ್ವಯಿಸಿದರು. ಹಾಗಿದ್ದ ಮೇಲೆ ಮೊದಲು ಒಬ್ಬರೇ ಕೂತು ತನ್ನನ್ನು ಪೂರ್ತಿ ಪ್ರೀತಿಸಿಕೊಂಡು, ಆಮೇಲೆ ಸಂಬಂಧಕ್ಕೆ ಕೈಹಾಕಬೇಕೆಂಬ ಕ್ರಮ ಎಲ್ಲಿಂದ ಬಂತು? ನಾನು ನನ್ನನ್ನು ಬೈದುಕೊಳ್ಳುವುದನ್ನು ಕಡಿಮೆ ಮಾಡಿದ್ದರೆ, ಆ ಹದಿನಾಲ್ಕು ಸಾಲುಗಳನ್ನು ಓದಿ ಗಾಬರಿಗೊಂಡ ಒಬ್ಬಳು ಮನೆಯಲ್ಲಿದ್ದದ್ದೂ ಅದಕ್ಕೆ ಕಾರಣ. ‘ಗಡಿ ಹಾಕಿಕೊಳ್ಳಿ’ ಎಂಬ ಏಳನೆಯ ವಾರದ ಪಾಠವೂ ಇದೇ ಕಾರಣಕ್ಕೆ ತೆಳುವಾಗಿತ್ತು. ಅತ್ತೆ, ನಾದಿನಿ, ಮೇಲಧಿಕಾರಿ ಎಲ್ಲರಿಗೂ ‘ವಿಷಕಾರಿ ವ್ಯಕ್ತಿ’ ಎಂಬ ಒಂದೇ ಚೀಟಿ ಅಂಟಿಸಿ ದೂರವಿಡಿ ಎನ್ನುವುದು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಬಾಳುವವರಿಗೆ ಹೇಳುವ ಮಾತಲ್ಲ. “ಈ ಭಾನುವಾರ ಆಗಲ್ಲ ಅತ್ತೆ, ಮುಂದಿನ ವಾರ ಬರ್ತೀವಿ” ಎಂದು ಸುಳ್ಳು ನೆಪವಿಲ್ಲದೆ ಹೇಳಲು ಕಲಿಸಿದ ಹತ್ತು ನಿಮಿಷ ಮಾತ್ರ ಉಪಯೋಗಕ್ಕೆ ಬಂತು.

ನನ್ನ ಗಂಭೀರವಾದ ಆಕ್ಷೇಪ ಆರನೆಯ ವಾರದ್ದು. ಅಂದು ಮೊದಲಿನ ತರಬೇತುದಾರರು ಮತ್ತೆ ಬಂದಿದ್ದರು. ಕಿರಿಯ ವಯಸ್ಸಿನ ಭಾಗಿಯೊಬ್ಬರು, ಗಂಡ ಕೈಮಾಡುತ್ತಾನೆಂದು ತಗ್ಗಿದ ದನಿಯಲ್ಲಿ ಹೇಳಿದರು. ಅದಕ್ಕೆ ಬಂದ ಉತ್ತರ, “ನೀವು ನಿಮ್ಮನ್ನು ಪ್ರೀತಿಸತೊಡಗಿದರೆ ಅವರ ವರ್ತನೆಯೂ ಬದಲಾಗುತ್ತದೆ.” ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ, ಅದಕ್ಕೆ ನನಗೆ ನಾಚಿಕೆಯಿದೆ. ಹೊಡೆಸಿಕೊಳ್ಳುವವರ ಮನಸ್ಸಿನಲ್ಲಿ ಹೊಡೆತದ ಕಾರಣ ಹುಡುಕುವುದು ತಪ್ಪು ಮಾತ್ರವಲ್ಲ, ಅಪಾಯ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಿಂದ ಇದೆ. ಅದರಡಿ ರಕ್ಷಣಾ ಆದೇಶವನ್ನೂ, ವಾಸದ ಮನೆಯಲ್ಲಿ ಉಳಿಯುವ ಹಕ್ಕನ್ನೂ ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಆ ಹೆಣ್ಣುಮಗಳ ಕೈಗೆ ಕೊಟ್ಟವರು, ವಿರಾಮದಲ್ಲಿ, ನಮ್ಮ ಟೀಚರ್. ಸಂಸ್ಥೆಗೆ ನಾನು ಲಿಖಿತವಾಗಿ ದೂರು ಕೊಟ್ಟೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಉತ್ತರ ಬಂತು, ಮುಂದಿನ ವಾರದಿಂದ ಆ ತರಬೇತುದಾರರು ಕಾಣಲಿಲ್ಲ. ಅದು ನನ್ನ ದೂರಿನ ಫಲವೋ ಪೂರ್ವನಿಗದಿಯೋ ಹೇಳಲಾರೆ.

ಗೋಪ್ಯತೆಯ ಬಗ್ಗೆಯೂ ಒಂದು ಮಾತು. ಜನ ಕಣ್ಣೊರೆಸಿಕೊಳ್ಳುತ್ತಿರುವಾಗ ಮೂಲೆಯಿಂದ ಒಬ್ಬ ಹುಡುಗ ಇನ್‌ಸ್ಟಾಗ್ರಾಮ್‌ಗೆಂದು ವಿಡಿಯೊ ಮಾಡುತ್ತಿದ್ದ. ಕೇಳಿದ ಮೇಲೆ ಅಳಿಸಿದರು. ಸೇರುವ ಮೊದಲು ಕೇಳಬೇಕಾದವು ಇಷ್ಟು: ತರಬೇತುದಾರರ ಓದೇನು, ಅವರು ಆಪ್ತಸಮಾಲೋಚಕರೋ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರೋ, ಅಥವಾ ಒಂದು ವಾರಾಂತ್ಯದ ಪ್ರಮಾಣಪತ್ರ ಪಡೆದವರೋ, ತಂಡದ ಗಾತ್ರವೆಷ್ಟು, ವಿಡಿಯೊ ಮಾಡುವುದಿಲ್ಲವೆಂದು ಬರೆದು ಕೊಡುತ್ತಾರೆಯೇ.

ಶಿಬಿರ ಮುಗಿದು ಆರು ವಾರವಾಯಿತು. ಮನೆಯಲ್ಲಿ ಪವಾಡವೇನೂ ನಡೆದಿಲ್ಲ. ‘ಯೋಗ್ಯತೆ’ ಎಂಬ ಪದ ನನ್ನ ಬಾಯಿಂದ ಈಚೆಗೆ ಮೂರು ಬಾರಿ ಬಂದಿದೆ, ಎರಡು ಸಲ ನನಗೆ, ಒಂದು ಸಲ ಮಗನಿಗೆ. ಮಗನಿಗೆ ಅಂದದ್ದನ್ನು ಆ ರಾತ್ರಿಯೇ ಹಿಂತೆಗೆದುಕೊಂಡೆ. ಅವನು “ಪರವಾಗಿಲ್ಲ ಅಪ್ಪಾ” ಎಂದು ಮುಖ ನೋಡದೆಯೇ ಹೇಳಿ, ಸ್ವಲ್ಪ ಹೊತ್ತಿನ ನಂತರ ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ ಫೇಲಾದದ್ದನ್ನು ತಾನಾಗಿ ತಿಳಿಸಿದ. ಮೊದಲಾಗಿದ್ದರೆ ಆ ಸುದ್ದಿ ಅವನ ತಾಯಿಯ ಮೂಲಕ, ಅದೂ ಒಂದು ವಾರ ತಡವಾಗಿ ಬರುತ್ತಿತ್ತು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಎರಡನೆಯ ತರಬೇತುದಾರರೊಬ್ಬರೇ ಎಂಟೂ ವಾರ ಇದ್ದಿದ್ದರೆ ನಾಲ್ಕು. ತನ್ನನ್ನು ತಾನೇ ಹಳಿದುಕೊಳ್ಳುವ ಚಾಳಿಯಿದ್ದು, ಅದರ ಬಿಸಿ ಮನೆಯವರಿಗೆ ತಾಗುತ್ತಿರುವವರು ಹೋಗಬಹುದು. ಖಿನ್ನತೆ, ನಿದ್ರೆಯಿಲ್ಲದಿರುವುದು, ಬದುಕು ಬೇಡವೆನಿಸುವುದು ಇದ್ದವರಿಗೆ ಇದು ಸ್ಥಳವಲ್ಲ. ಅಂಥವರು 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಿದು. ದಿನದ 24 ಗಂಟೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರವೂ ಇದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಅದು ಹತ್ತಿರವೆನಿಸೀತು. 1,200 ರೂಪಾಯಿಯ ಪೆಟ್ಟಿಗೆಯನ್ನು ಮಾತ್ರ ಯಾರೂ ಕೊಳ್ಳಬೇಕಾಗಿಲ್ಲ, ಹತ್ತು ರೂಪಾಯಿಯ ಜೇಬು ಪುಸ್ತಕ ಸಾಕು.

ಮುಂದಿನ ತಂಡ ಹೊಸ ವರ್ಷಕ್ಕೆ ಶುರುವಾಗುತ್ತದಂತೆ. ಕನ್ನಡದ ಹಾಳೆಗಳನ್ನು ತಿದ್ದಿ ಕೊಡುವಿರಾ, ‘ಸೇವಾ ಮನೋಭಾವದಿಂದ’, ಎಂದು ಸಂಸ್ಥೆಯವರು ನಮ್ಮ ಟೀಚರನ್ನು ಕೇಳಿದ್ದಾರೆ. ಅವರು ಪುಟಕ್ಕಿಷ್ಟು ಎಂದು ದರ ಬರೆದು ಕಳಿಸಿ, ಉತ್ತರಕ್ಕೆ ಕಾಯುತ್ತಿದ್ದಾರೆ.